ತೋಟದ ಮನೆಯ ಕೋವಿಗೆ ಯಾವ ವೈಸ್?

ಅಪ್ಪನ ಜೋಡಿ ನಳಿಗೆ ಕೋವಿಯ ಬಲ ನಳಿಗೆಯಲ್ಲಿ, ತುದಿಯಿಂದ ಒಂದು ಗೇಣು ಹಿಂದೆ, ಬೆರಳಾಡಿಸಿದರೆ ಮಾತ್ರ ತಿಳಿಯುವ ಒಂದು ಗುರುತಿದೆ. ಅದು ನಾನು ಮಾಡಿದ್ದು. ಒಂದು ಮಳೆಗಾಲ ಕಳೆದ ಮೇಲೆ ಕೋವಿ ಒರೆಸಲು ಕೂತಾಗ ನಳಿಗೆಯೊಳಗೆ ಬ್ರಷ್ ಸಿಕ್ಕಿಕೊಂಡಿತು. ವಸ್ತುವನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನವೇ ವೈಸ್. ಪಂಪ್‌ಸೆಟ್ ಶೆಡ್ಡಿನಲ್ಲಿದ್ದ ಆರಿಂಚಿನ ವೈಸಿಗೆ ಗೋಣಿಚೀಲ ಸುತ್ತಿ, ನಳಿಗೆಯನ್ನು ಅದರೊಳಗೆ ಕಚ್ಚಿಸಿ ರಾಡ್ ಎಳೆದೆ. ನಳಿಗೆ ಜಾರಿತು. ಹಿಡಿಯನ್ನು ಇನ್ನೂ ಅರ್ಧ ಸುತ್ತು ತಿರುಗಿಸಿದೆ. ಜಾರುವುದು ನಿಂತಿತು, ಬ್ರಷ್ಷೂ ಬಂತು, ನಳಿಗೆಯಲ್ಲಿ ತಗ್ಗೂ ಬಿತ್ತು. ಕೋವಿ ರಿಪೇರಿಯ ಲೈಸೆನ್ಸ್ ಇರುವ ಗನ್‌ಸ್ಮಿತ್ ಒಬ್ಬರು ನಳಿಗೆಯೊಳಗೆ ಅಳತೆಗೆ ಸರಿಯಾದ ಪ್ಲಗ್ ತೂರಿಸಿ, ಹೊರಗಿನಿಂದ ಹಿತ್ತಾಳೆ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಅದನ್ನು ಎತ್ತಿಕೊಟ್ಟರು. ಹಳೆಯ 12 ಬೋರ್ ಜೋಡಿ ನಳಿಗೆಗಳ ಗೋಡೆ ತುದಿಯ ಕಡೆ ಸುಮಾರು ಒಂದು ಮಿಲಿಮೀಟರ್ ದಪ್ಪ, ಕೆಲವದರಲ್ಲಿ ಅದಕ್ಕೂ ಕಡಿಮೆ ಎಂದು ಅವರೇ ತೋರಿಸಿದರು.

ಆಮೇಲೆ ಕೋವಿ ಕೆಲಸಕ್ಕೆ ಯಾವ ವೈಸ್ ತಗೊಳ್ಳಲಿ ಎಂದು ಯಾರು ಕೇಳಿದರೂ ನಾನು ತಿರುಗಿ ಕೇಳುವುದು ಒಂದೇ: ಕೋವಿಯ ಯಾವ ಜಾಗವನ್ನು ಹಿಡಿಯಬೇಕು ಅಂತಿದ್ದೀರಿ? ಅದು ಗೊತ್ತಾದರೆ ವೈಸ್ ಯಾವುದು ಎನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಯಾವ ಕೆಲಸಕ್ಕೆ ಎಂಬುದನ್ನೂ ಮೊದಲೇ ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸುವುದಕ್ಕೆ, ಮಾರುವುದಕ್ಕೆ, ಮಾರ್ಪಡಿಸುವುದಕ್ಕೆ, ರಿಪೇರಿ ಮಾಡುವುದಕ್ಕೆ ಬೇರೆಯದೇ ಲೈಸೆನ್ಸ್ ಬೇಕು. ಬೆಳೆ ರಕ್ಷಣೆಗೆ ಸಿಕ್ಕ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವ ಲೈಸೆನ್ಸಿನ 3 ಮತ್ತು 4ನೇ ಸೆಕ್ಷನ್‌ಗಳಿಗೆ. ರಿಪೇರಿಯ 5ನೇ ಸೆಕ್ಷನ್ ಅವರಿಗೂ ಬಿಟ್ಟಿಲ್ಲ. ಅಮೆರಿಕದ ವಿಡಿಯೊಗಳಲ್ಲಿ ಮನೆಯ ಶೆಡ್ಡಿನಲ್ಲೇ ನಳಿಗೆ ಬದಲಿಸಿ, ಟ್ರಿಗರ್ ಅರೆದು ತೋರಿಸುತ್ತಾರೆ. ಅಲ್ಲಿನ ಕಾನೂನು ಬೇರೆ. ನಮ್ಮ ಮನೆಯ ಬೆಂಚಿನ ಮೇಲೆ ಆಗಬೇಕಾದ್ದು ಶುಚಿ ಮಾಡುವುದು, ಎಣ್ಣೆ ಹಾಕುವುದು, ಮರಕ್ಕೆ ಪಾಲಿಶ್, ಹೆಚ್ಚೆಂದರೆ ರೈಫಲ್ಲಿಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸುವುದು. ಇಷ್ಟಕ್ಕೆ ಬೇಕಾದ ವೈಸಿನ ಮಾತು ಇದು.

ಅಂಗಡಿಗೆ ಹೋದರೆ ಕಾಣುವುದು

ಐಟಿಐನಲ್ಲಿ ಫಿಟ್ಟರ್ ಓದಿದವರಿಗೆಲ್ಲ ಗೊತ್ತಿರುವ ಬೆಂಚ್ ವೈಸ್ ಮೊದಲನೆಯದು. ದವಡೆಯ ಅಗಲದ ಮೇಲೆ ಅದರ ಲೆಕ್ಕ: 75, 100, 125, 150, 200 ಮಿಲಿಮೀಟರ್, ಅಂಗಡಿಯವರ ಬಾಯಲ್ಲಿ ಮೂರಿಂಚು, ನಾಲ್ಕಿಂಚು, ಐದಿಂಚು, ಆರಿಂಚು, ಎಂಟಿಂಚು. ಎರಡನೆಯದು ಬಡಗಿಗಳ ವೈಸ್. ಬೆಂಚಿನ ಕೆಳಗೆ ಕೂರುತ್ತದೆ, ದವಡೆ ಅಗಲ, ಒಳಮೈಗೆ ಮರದ ಹಲಗೆ ಜಡಿದಿರುತ್ತಾರೆ. ಮೂರನೆಯದು ಕೋವಿಗೆಂದೇ ಮಾಡಿದ ತೊಟ್ಟಿಲು. ಟಿಪ್ಟನ್, ಎಂಟಿಎಂ, ಲೈಮನ್ ಎಂಬ ಅಮೆರಿಕದ ಕಂಪನಿಗಳು ಇದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತವೆ, ಅದಕ್ಕೆ ಗನ್ ವೈಸ್ ಎಂದೇ ಹೆಸರು. ಇವುಗಳ ಜೊತೆಗೆ ಮೇಜಿನಂಚಿಗೆ ಸಿಕ್ಕಿಸುವ ಪುಟ್ಟ ವೈಸ್, ಡ್ರಿಲ್ಲಿಂಗ್ ಮೆಷಿನ್ ಕೆಳಗಿಡುವ ವೈಸ್, ಕಮ್ಮಾರಸಾಲೆಯಲ್ಲಿ ನೆಲದವರೆಗೆ ಕಾಲು ಬಿಟ್ಟುಕೊಂಡು ನಿಲ್ಲುವ ಲೆಗ್ ವೈಸ್. ಈ ಕೊನೆಯ ಮೂರನ್ನು ಕೋವಿ ಕೆಲಸಕ್ಕೆ ನೋಡಲೇಬೇಡಿ. ಅಂಚಿಗೆ ಸಿಕ್ಕಿಸುವ ವೈಸ್ ನಾಲ್ಕಡಿ ಉದ್ದದ ಕೋವಿಯ ಭಾರಕ್ಕೆ ವಾಲುತ್ತದೆ. ಡ್ರಿಲ್ ವೈಸ್ ಬಿಡಿ ತುಂಡುಗಳಿಗೆ. ಲೆಗ್ ವೈಸ್ ಗಟ್ಟಿಮುಟ್ಟಾದದ್ದು ನಿಜ, ಆದರೆ ಅದರ ದವಡೆ ತೆರೆದಷ್ಟೂ ಕೆಳಗಿನ ಕೀಲಿನಿಂದ ಓರೆಯಾಗುತ್ತಾ ಹೋಗುತ್ತದೆ. ಮೇಲೊಂದು ಅಗಲ, ಕೆಳಗೊಂದು ಅಗಲ. ಕಾದ ಕಬ್ಬಿಣಕ್ಕೆ ಅದು ನಡೆಯುತ್ತದೆ, ಕೋವಿಗೆ ನಡೆಯುವುದಿಲ್ಲ.

ತೊಟ್ಟಿಲು ಸಾಕಾಗುವವರು

ನಿಮ್ಮ ಕೆಲಸ ಬರೀ ಒರೆಸುವುದು, ಸ್ಕೋಪ್ ಕೂರಿಸುವುದು ಇಷ್ಟೇ ಆಗಿದ್ದರೆ ಕಬ್ಬಿಣದ ವೈಸೇ ಬೇಡ, ತೊಟ್ಟಿಲು ಸಾಕು. ಎರಡು ಕವಲುಗಳ ಮೇಲೆ ಕೋವಿ ಮಲಗಿರುತ್ತದೆ, ಬಟ್ಟಿನ, ಅಂದರೆ ಹೆಗಲಿಗೆ ಆನಿಸುವ ಮರದ ಭಾಗದ, ಕಡೆ ಮೆತ್ತನೆಯ ಹಿಡಿತ ಇರುತ್ತದೆ. ಒತ್ತಡವೇ ಇಲ್ಲದ ಮೇಲೆ ಕೆಡಿಸುವ ಭಯವೂ ಇಲ್ಲ. ಸ್ಕೋಪಿನ ರಿಂಗ್ ಸ್ಕ್ರೂಗಳಿಗೆ ತಯಾರಕರು ಹೇಳುವ ಬಿಗಿ ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್. ಎರಡು ಬೆರಳಲ್ಲಿ ಹಿಡಿದ ಸ್ಕ್ರೂಡ್ರೈವರಿನ ಬಿಗಿ ಅಷ್ಟೇ. ಅದಕ್ಕೆ ಬೀಡಿನ, ಅಂದರೆ ಎರಕದ ಕಬ್ಬಿಣದ, ವೈಸ್ ಯಾಕೆ?

ಇದನ್ನು ಮನೆಯಲ್ಲೂ ಮಾಡಿಕೊಳ್ಳಬಹುದು. ತೋಟದ ಸಿಲ್ವರ್ ಓಕ್ ಹಲಗೆ ಒಂದು, ಅದರ ಮೇಲೆ ಎರಡು ನಿಲುವು, ತಲೆಯಲ್ಲಿ ವಿ ಆಕಾರದ ಕಚ್ಚು, ಕಚ್ಚಿಗೆ ದಪ್ಪ ಬಟ್ಟೆ. ನಮ್ಮ ಮನೆಯದ್ದು ಹಾಗೇ ಮಾಡಿದ್ದು. ಮುಂದಿನ ನಿಲುವನ್ನು ಹಿಂದಿನದಕ್ಕಿಂತ ಎರಡು ಬೆರಳು ಗಿಡ್ಡ ಮಾಡಿ. ನಳಿಗೆ ಮುಂದಕ್ಕೆ ಇಳಿಜಾರಾಗಿದ್ದರೆ ಶುಚಿ ಮಾಡಲು ಒಳಗೆ ಹಾಕಿದ ದ್ರಾವಣ, ಸಾಲ್ವೆಂಟ್, ತುದಿಯಿಂದ ತೊಟ್ಟಿಕ್ಕುತ್ತದೆ. ಹಿಂದಕ್ಕೆ ಹರಿದರೆ ಆಕ್ಷನ್ನಿಗೆ, ಅಂದರೆ ಕೋವಿಯ ಯಂತ್ರಭಾಗಕ್ಕೆ, ಇಳಿದು, ಅಲ್ಲಿಂದ ಬಟ್ಟಿನ ಮರಕ್ಕೆ ಹೀರಿಕೊಳ್ಳುತ್ತದೆ. ಎಷ್ಟೋ ಹಳೆಯ ಕೋವಿಗಳ ಬಟ್ಟು ಆಕ್ಷನ್ ಸೇರುವ ಕಡೆ ಕಪ್ಪಾಗಿ ಮೆತ್ತಗಾಗಿರುವುದು ವರ್ಷಗಟ್ಟಲೆ ಕುಡಿದ ಎಣ್ಣೆಯಿಂದ.

ತೊಟ್ಟಿಲಿನ ಮಿತಿ ಎಂದರೆ ಅದು ಎಳೆತಕ್ಕೆ ನಿಲ್ಲುವುದಿಲ್ಲ. ಬ್ರಷ್ ಬಿಗಿಯಾದರೆ ಕೋವಿಯ ಜೊತೆ ತೊಟ್ಟಿಲೂ ಬರುತ್ತದೆ. ಮಳೆಗಾಲವಿಡೀ ತೇವದಲ್ಲಿರುವ ಮಲೆನಾಡಿನಲ್ಲಿ ನಳಿಗೆ ಉಜ್ಜುವುದು ಒಮ್ಮೊಮ್ಮೆ ಜೋರಿನ ಕೆಲಸವೇ. ಅಲ್ಲದೆ ತೋಟದ ಮನೆ ಎಂದ ಮೇಲೆ ವೀಡ್ ಕಟರಿನ ಬ್ಲೇಡು, ಸ್ಪ್ರೇಯರಿನ ಪಂಪು, ಕತ್ತಿಯ ಹಿಡಿ ಎಂದು ವೈಸಿಗೆ ದಿನಕ್ಕೊಂದು ಕೆಲಸ ಇದ್ದೇ ಇರುತ್ತದೆ. ಹಾಗಾಗಿ ಕೊನೆಗೆ ಎಲ್ಲರೂ ಬೆಂಚ್ ವೈಸಿಗೇ ಬರುತ್ತಾರೆ.

ನಾಲ್ಕಿಂಚೋ, ಐದಿಂಚೋ, ಆರಿಂಚೋ

ಕೋವಿಯ ದೃಷ್ಟಿಯಿಂದ ನಾಲ್ಕಿಂಚು ಸಾಕು. ತೋಟದ ದೃಷ್ಟಿಯಿಂದ ಆರಿಂಚು ಚೆಂದ. ಎರಡಕ್ಕೂ ಒಂದೇ ವೈಸ್ ಇಡುವವರಿಗೆ ನಾನು ಹೇಳುವುದು ಐದಿಂಚಿನದು, ಅಂದರೆ 125 ಮಿಲಿಮೀಟರ್. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದ್ದರೂ ನಾಲ್ಕಿಂಚಿನದು ಹತ್ತು ಕೆ.ಜಿ. ಆಸುಪಾಸಿನಲ್ಲಿ, ಆರಿಂಚಿನದು ಇಪ್ಪತ್ತರ ಆಸುಪಾಸಿನಲ್ಲಿ ತೂಗುತ್ತದೆ. ಭಾರ ಇದ್ದಷ್ಟೂ ಅಲುಗಾಟ ಕಡಿಮೆ. ಆದರೆ ದೊಡ್ಡ ವೈಸಿನ ಹಿಡಿಯೂ ಉದ್ದ, ಕೈಗೆ ಒತ್ತಡ ಎಷ್ಟು ಬಿತ್ತೆಂದು ತಿಳಿಯುವುದಿಲ್ಲ. ಹಿಡಿಯ ತುದಿಯಲ್ಲಿ ನೀವು ಹತ್ತು ಕೆ.ಜಿ.ಯಷ್ಟು ಬಲ ಹಾಕಿದರೆ, ಬಹುಪಾಲು ತಿಕ್ಕಾಟದಲ್ಲಿ ಕಳೆದ ಮೇಲೂ ದವಡೆಗಳ ನಡುವೆ ಕೆಲವು ನೂರು ಕೆ.ಜಿ. ಉಳಿದಿರುತ್ತದೆ. ನಾನು ಆರಿಂಚಿನ ವೈಸಿನಲ್ಲಿ ತಿರುಗಿಸಿದ ಆ ಅರ್ಧ ಸುತ್ತು ನೆನಪಿರಲಿ.

ಗಾತ್ರಕ್ಕಿಂತ ಮುಖ್ಯ ಲೋಹ. ಅಗ್ಗದ ವೈಸ್ ಸಾದಾ ಬೀಡು. ಒತ್ತಡ ಚೆನ್ನಾಗಿ ತಡೆಯುತ್ತದೆ, ಆದರೆ ಸುತ್ತಿಗೆ ಏಟಿಗೋ ಹಿಡಿಗೆ ಪೈಪ್ ಹಾಕಿ ಎಳೆದದ್ದಕ್ಕೋ ಬಾಗದೆ ಸೀದಾ ಒಡೆಯುತ್ತದೆ. ಎಸ್‌ಜಿ ಐರನ್ ಎಂದು ಬರೆದಿರುವುದೂ ಎರಕದ್ದೇ, ಆದರೆ ಅದರೊಳಗಿನ ಇಂಗಾಲ ಎಳೆಎಳೆಯಾಗಿರದೆ ಗುಂಡುಗುಂಡಾಗಿ ಕೂತಿರುತ್ತದೆ, ಆದ್ದರಿಂದ ಬಿರುಕು ಓಡುವುದಕ್ಕೆ ದಾರಿ ಸಿಗುವುದಿಲ್ಲ. ಬೆಲೆ ಹೆಚ್ಚು. ವೈಸ್ ಒಂದೇ ಸಲ ಕೊಳ್ಳುವ ಸಾಮಾನು, ಆ ಹೆಚ್ಚಿನ ಹಣ ಕೊಡಿ. ಕುಲುಮೆಯಲ್ಲಿ ಬಡಿದು ಮಾಡಿದ ಉಕ್ಕಿನ ವೈಸ್ ಇನ್ನೂ ಗಟ್ಟಿ, ಆದರೆ ನಮ್ಮ ಕೆಲಸಕ್ಕೆ ಅಷ್ಟು ಬೇಡ. ಪಂಜಾಬಿನ ಜಲಂಧರ್, ಲುಧಿಯಾನ ಕಡೆಯಿಂದ ಬರುವ ವೈಸುಗಳಲ್ಲಿ ಒಳ್ಳೆಯವೂ ಇವೆ, ಪುಟ್ಟಿ ಮೆತ್ತಿ ಎರಕದ ತೂತು ಮುಚ್ಚಿದವೂ ಇವೆ. ಬಣ್ಣಕ್ಕೆ ಮರುಳಾಗಬೇಡಿ.

ಅಂಗಡಿಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ ಇವೆ. ದವಡೆಯ ಎರಡೂ ಕೊನೆಯಲ್ಲಿ ಒಂದೊಂದು ಕಾಗದದ ಪಟ್ಟಿ ಇಟ್ಟು ಮೆಲ್ಲಗೆ ಮುಚ್ಚಿ. ಒಂದು ಸಿಕ್ಕಿಕೊಂಡು ಇನ್ನೊಂದು ಸುಲಭವಾಗಿ ಈಚೆ ಬಂದರೆ ದವಡೆ ಸಮನಾಗಿಲ್ಲ. ಅರ್ಧ ತೆರೆದು, ಚಲಿಸುವ ದವಡೆಯನ್ನು ಕೈಯಲ್ಲಿ ಎತ್ತಿ ನೋಡಿ. ಕೂದಲೆಳೆಯಷ್ಟು ಆಟ ಇರಲಿ, ಕಟಕಟ ಅಲುಗಾಡಿದರೆ ಬೇಡ. ಮೂರನೆಯದಾಗಿ ಸಣ್ಣ ಸ್ಪ್ಯಾನರಿನಿಂದ ಮೈಯನ್ನು ತಟ್ಟಿ ಕಿವಿಗೊಡಿ. ಬಿರುಕು ಬಿಟ್ಟ ಎರಕ ಒಡಕು ಮಡಕೆಯ ಹಾಗೆ ಸದ್ದು ಮಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಗುಜರಿಯಲ್ಲೋ ಹಳೆಯ ವೈಸ್ ಹುಡುಕುವವರು ಕುತ್ತಿಗೆಯ ಭಾಗದಲ್ಲಿ ವೆಲ್ಡಿಂಗ್ ಗುರುತು ಇದೆಯೇ ಎಂದು ಮೊದಲು ನೋಡಬೇಕು. ಬೀಡಿಗೆ ಹಾಕಿದ ವೆಲ್ಡ್ ನಂಬಿ ಕೋವಿ ಕೊಡಬಾರದು. ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್ ವೈಸ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಮಾತ್ರ ಎರಡನೇ ಯೋಚನೆ ಮಾಡದೆ ತನ್ನಿ.

ತಿರುಗುವ ಬುಡ ಬೇಕೇ?

ಫಿಟ್ಟರ್‌ಗಳು ಬೇಡ ಎನ್ನುತ್ತಾರೆ. ಅರ ಹಾಕುವಾಗ ತಿರುಗುವ ಬುಡ ಸ್ವಲ್ಪವಾದರೂ ಸಡಿಲಾಗುತ್ತದೆ, ಎತ್ತರವೂ ಹೆಚ್ಚುತ್ತದೆ ಎನ್ನುವುದು ಅವರ ವಾದ. ಅವರ ಕೆಲಸಕ್ಕೆ ಅದು ಸರಿ. ಕೋವಿಗೆ ನಾನು ಬೇಕು ಎನ್ನುತ್ತೇನೆ. ಕಾರಣ ಹೀಗಿದೆ.

ನಡುವೆ ಮಡಚಿ ತೆರೆಯುವ ಕೋವಿ, ಒಂಟಿ ನಳಿಗೆಯದಾಗಲಿ ಜೋಡಿಯದಾಗಲಿ, ಅದರ ನಳಿಗೆಯನ್ನು ಬಿಚ್ಚಿ ಕೈಗೆ ತಗೊಳ್ಳಿ. ಬುಡದಲ್ಲಿ ಕೆಳಕ್ಕೆ ಚಾಚಿದ ಉಕ್ಕಿನ ಗಟ್ಟಿ ತುಂಡು ಕಾಣುತ್ತದೆ, ಲಂಪ್ ಎನ್ನುತ್ತಾರೆ. ಇಡೀ ನಳಿಗೆಯಲ್ಲಿ ವೈಸಿಗೆ ಕೊಡಬಹುದಾದ ಜಾಗ ಅದೊಂದೇ. ಗನ್‌ಸ್ಮಿತ್‌ಗಳೂ ಅದನ್ನೇ ಹಿಡಿಯುವುದು. ಜೋಡಿ ನಳಿಗೆಯ ನಡುವಿನ ಪಟ್ಟಿಗಳನ್ನು ಬೆಸುಗೆಯಿಂದ ಕೂರಿಸಿರುತ್ತಾರೆ. ನಳಿಗೆಗಳನ್ನೇ ದವಡೆಯಲ್ಲಿ ಒತ್ತಿದರೆ ತಗ್ಗು ಬೀಳುವುದು ಒಂದು, ಬೆಸುಗೆ ಬಿಡುವುದು ಇನ್ನೊಂದು. ಲಂಪ್ ಉದ್ದಕ್ಕೆ ಇರುವುದರಿಂದ ಅದನ್ನು ದವಡೆಗೆ ಕೊಟ್ಟಾಗ ನಳಿಗೆ ದವಡೆಯ ಉದ್ದಕ್ಕೆ, ಅಂದರೆ ಬೆಂಚಿನ ಅಂಚಿಗೆ ಸಮನಾಗಿ ಮಲಗುತ್ತದೆ. 28 ಅಥವಾ 30 ಇಂಚಿನ ನಳಿಗೆ, ಅದರ ಹಿಂದೆ ಸುಮಾರು ಒಂದು ಮೀಟರಿನ ರಾಡ್. ಹೆಚ್ಚುಕಡಿಮೆ ಒಂದೂಮುಕ್ಕಾಲು ಮೀಟರ್ ನೇರ ಜಾಗ ಬೇಕು. ನಮ್ಮ ಶೆಡ್ಡುಗಳಲ್ಲಿ ಬೆಂಚು ಯಾವಾಗಲೂ ಮೂಲೆಯಲ್ಲಿರುತ್ತದೆ, ರಾಡ್ ಗೋಡೆಗೆ ಬಡಿಯುತ್ತದೆ. ಗೋಡೆ ತಪ್ಪಿಸಲು ರಾಡನ್ನು ಓರೆ ಮಾಡಿ ತೂರಿಸುತ್ತಾರೆ. ರಾಡ್ ಓರೆಯಾದರೆ ಚೇಂಬರಿನ, ಅಂದರೆ ತೋಟೆ ಕೂರುವ ಜಾಗದ, ಬಾಯಿ ಸವೆಯುತ್ತದೆ. ಬುಡ ತಿರುಗುವಂತಿದ್ದರೆ ವೈಸನ್ನೇ ತಿರುಗಿಸಿ ನಳಿಗೆಯ ತುದಿಯನ್ನು ಬೇಕಾದ ಕಡೆಗೆ ಮಾಡಬಹುದು. ಬುಡದ ಬಿಗಿ ಬೋಲ್ಟ್ ಎರಡಿರುವ ವೈಸನ್ನೇ ಆರಿಸಿ, ಒಂದೇ ಇದ್ದರೆ ಜಾರುತ್ತದೆ.

ಅಮೆರಿಕದ ಗನ್‌ಸ್ಮಿತ್‌ಗಳು ಈ ತೊಂದರೆಗೆ ಬೇರೆಯೇ ವೈಸ್‌ಗಳನ್ನು ನೆಚ್ಚಿಕೊಂಡರು. ಪೆನ್ಸಿಲ್ವೇನಿಯಾದ ವೇನ್ಸ್‌ಬರೊದ ಎಮರ್ಟ್ ಕಂಪನಿಯ ಪ್ಯಾಟರ್ನ್‌ಮೇಕರ್ ವೈಸ್‌ಗೆ 1891ರಲ್ಲಿ ಪೇಟೆಂಟ್ ಸಿಕ್ಕಿತ್ತು. ಎರಕದ ಅಚ್ಚು ಕೆತ್ತುವ ಬಡಗಿಗಳಿಗೆಂದು ಮಾಡಿದ್ದು, ದವಡೆ ಮೇಲಕ್ಕೂ ಪಕ್ಕಕ್ಕೂ ಹೊರಳುತ್ತದೆ, ಓರೆ ವಸ್ತುವಿಗೆ ತಕ್ಕಂತೆ ಬಾಗುತ್ತದೆ. ಕೋವಿಯ ಬಟ್ಟು ಕೆತ್ತುವವರು ಇಂದಿಗೂ ಹಳೆಯದನ್ನು ಹುಡುಕಿ ಕೊಳ್ಳುತ್ತಾರೆ. ಒಹಾಯೊದ ವಿಲ್-ಬರ್ಟ್ ಕಂಪನಿಯ ವರ್ಸಾ ವೈಸ್ ಚಿಕ್ಕದು, ಕಂಬದ ಮೇಲೆ ಪೂರ್ತಿ ಸುತ್ತುತ್ತದೆ, ಅಡ್ಡಕ್ಕೂ ಮಲಗಿಸಬಹುದು. ಅಲ್ಲಿರುವ ನಮ್ಮವರು ಯಾರಾದರೂ ಗುರಿ ಹೊಡೆಯುವ ಹವ್ಯಾಸ ಇಟ್ಟುಕೊಂಡಿದ್ದರೆ ಇವನ್ನು ಹಳೆಯ ಸಾಮಾನಿನ ಹರಾಜಿನಲ್ಲಿ ನೋಡಬಹುದು. ಅಲ್ಲಿಂದ ಇಲ್ಲಿಗೆ ತರಿಸುವಷ್ಟು ಅಗತ್ಯ ನನಗೆ ಕಂಡಿಲ್ಲ.

ಬಡಗಿ ವೈಸಿನ ಬಗ್ಗೆ ಒಂದು ಮಾತು. ಬಟ್ಟಿನ ಮರಕ್ಕೆ ಎಣ್ಣೆ ತಿಕ್ಕಬೇಕು, ಬಣ್ಣ ತೆಗೆಯಬೇಕು ಎಂದರೆ ಅದರಷ್ಟು ಒಳ್ಳೆಯದಿಲ್ಲ. ಅಗಲದ ಮರದ ದವಡೆ ಒತ್ತಡವನ್ನು ಹರಡಿಬಿಡುತ್ತದೆ. ಆದರೂ ಬಟ್ಟಿನ ಸಣ್ಣ ಕುತ್ತಿಗೆಯನ್ನು, ಕೈ ಸುತ್ತಿ ಹಿಡಿಯುವ ಜಾಗವನ್ನು, ಯಾವ ವೈಸಿಗೂ ಕೊಡಬೇಡಿ. ಮರದ ಎಳೆ ಅಲ್ಲಿಯೇ ಸೀಳುವುದು.

ಮೆತ್ತೆ

ವೈಸಿಗೆ ಸಾವಿರಗಟ್ಟಲೆ ಕೊಟ್ಟು ಮೆತ್ತೆಗೆ ಗೋಣಿಚೀಲ ಹುಡುಕುವುದು ನಾನು ಮಾಡಿದ ತಪ್ಪು. ದವಡೆಯ ಉಕ್ಕಿನ ಪಟ್ಟಿಗೆ ಗೆರೆಗೆರೆ ಹಲ್ಲು ಇರುತ್ತದೆ, ಗಡಸು ಮಾಡಿರುತ್ತಾರೆ. ಗೋಣಿಯ ಎಳೆಗಳ ನಡುವೆ ಹಲ್ಲು ಇಳಿದು ಕಚ್ಚುತ್ತದೆ.

ಲಂಪ್ ಹಿಡಿಯುವುದಕ್ಕೆ ತಾಮ್ರದ ಅಥವಾ ಅಲ್ಯೂಮಿನಿಯಂ ತಗಡು ಒಳ್ಳೆಯದು. ಅಲ್ಯೂಮಿನಿಯಂ ಆಂಗಲ್ ಎರಡು ತುಂಡು ದವಡೆಯ ಮೇಲೆ ಕೂರಿಸಿದರೆ ತಾನಾಗಿ ನಿಲ್ಲುತ್ತದೆ. ಕಿಟಕಿ ಮಾಡುವವರ ಬಳಿ ಚೂರು ಸಿಗುತ್ತದೆ. ಪಾಲಿಶ್ ಇರುವ ಉಕ್ಕಿಗೆ, ಮರಕ್ಕೆ ಚರ್ಮವೇ ಸರಿ. ಚಪ್ಪಲಿ ಹೊಲಿಯುವವರ ಹತ್ತಿರ ನಾಲ್ಕೈದು ಮಿಲಿಮೀಟರ್ ದಪ್ಪದ ಅಟ್ಟೆ ಚರ್ಮ ಕೇಳಿ, ಎರಡು ಮರದ ಹಲಗೆಗೆ ಅಂಟಿಸಿ. ಕೆಲಸ ಮುಗಿದ ಮೇಲೆ ತೆಗೆದು ಒಣ ಜಾಗದಲ್ಲಿಡಿ. ಜುಲೈ ತಿಂಗಳಲ್ಲಿ ದವಡೆಯಲ್ಲೇ ಬಿಟ್ಟ ಚರ್ಮಕ್ಕೆ ವಾರದೊಳಗೆ ಬೂಷ್ಟು, ಅದರ ಹಿಂದಿನ ಉಕ್ಕಿಗೆ ತುಕ್ಕು. ಸೈಕಲ್ ಟ್ಯೂಬಿನ ರಬ್ಬರ್ ಬೇಡ, ಸಾಲ್ವೆಂಟ್ ತಾಗಿ ಉಬ್ಬಿ ಅಂಟಂಟಾಗುತ್ತದೆ.

ಮೆತ್ತೆ ಎಷ್ಟೇ ಒಳ್ಳೆಯದಿರಲಿ, ಟೊಳ್ಳಿರುವ ಕಡೆ ಬಿಗಿಯಬಾರದು. ಮ್ಯಾಗಜಿನ್ ತೆಗೆದ ರೈಫಲ್ಲಿನ ಹೊಟ್ಟೆ, ಟ್ರಿಗರ್ ಗಾರ್ಡ್, ನಳಿಗೆಯ ತುದಿ, ಯಾವುದನ್ನೂ. ಸಣ್ಣ ಭಾಗವನ್ನು ದವಡೆಯ ಒಂದು ಕೊನೆಯಲ್ಲಿ ಹಿಡಿಯಬೇಕಾಗಿ ಬಂದರೆ ಇನ್ನೊಂದು ಕೊನೆಯಲ್ಲಿ ಅಷ್ಟೇ ದಪ್ಪದ ಮರದ ಚೂರು ಇಡಿ. ಇಲ್ಲವಾದರೆ ದವಡೆ ಓರೆಯಾಗುತ್ತದೆ, ಮುಂದೆ ಯಾವುದನ್ನೂ ನೆಟ್ಟಗೆ ಹಿಡಿಯುವುದಿಲ್ಲ.

ಕೂರಿಸುವುದು, ಬಳಸುವುದು

ಬೆಂಚಿನ ಕಾಲಿನ ನೇರಕ್ಕೆ ಕೂರಿಸಿ, ಹಲಗೆಯ ಆಚೆಗೆ ಹಾಯುವ ಬೋಲ್ಟ್ ಹಾಕಿ, ಕೆಳಗೆ ದೊಡ್ಡ ವಾಷರ್ ಕೊಡಿ. ಮರದ ಸ್ಕ್ರೂ ಒಂದು ಮಳೆಗಾಲಕ್ಕೆ ಸಡಿಲ. ಒಳಗಿನ ದವಡೆ ಬೆಂಚಿನ ಅಂಚಿಗಿಂತ ಸ್ವಲ್ಪ ಈಚೆ ಬಂದಿರಬೇಕು, ಉದ್ದದ ವಸ್ತುವನ್ನು ನೆಟ್ಟಗೆ ನಿಲ್ಲಿಸಿ ಹಿಡಿದರೆ ಹಲಗೆ ಅಡ್ಡ ಬರಬಾರದು. ಎತ್ತರಕ್ಕೆ ಐಟಿಐನ ಹಳೆಯ ಲೆಕ್ಕವೇ ಸರಿ: ನೆಟ್ಟಗೆ ನಿಂತು ಮುಷ್ಟಿಯನ್ನು ಗಲ್ಲಕ್ಕೆ ಆನಿಸಿದರೆ ಮೊಣಕೈ ದವಡೆಯ ತಲೆಗೆ ತಾಗಬೇಕು.

ಕೋವಿ ಬೆಂಚಿಗೆ ಬರುವ ಮೊದಲು ತೋಟೆಗಳು ಆ ಕೋಣೆಯಿಂದ ಆಚೆ ಹೋಗಲಿ. ತೆರೆದು ಚೇಂಬರನ್ನು ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ತುದಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ಹಾಗೆ ತೆರೆದು ನೋಡಲಾಗುವುದಿಲ್ಲ. ಮೊದಲು ಕೇಪು ಇಲ್ಲವೆಂದು ನೋಡಿಕೊಂಡು, ತುದಿಯನ್ನು ಮೈಯಿಂದ ಆಚೆ ಮಾಡಿ, ರಾಡನ್ನು ತಳ ಮುಟ್ಟುವವರೆಗೆ ಇಳಿಸಿ. ನಳಿಗೆಯ ಬಾಯಿಯ ನೇರಕ್ಕೆ ರಾಡಿನ ಮೇಲೆ ಗುರುತು ಹಾಕಿ, ಗುರುತು ಬಾಯಿಗೆ ಸಮನಾಗಿರುವಂತೆ ಅದೇ ರಾಡನ್ನು ನಳಿಗೆಯ ಹೊರಮೈಗೆ ಹಿಡಿದು ಅಳೆಯಿರಿ. ರಾಡಿನ ಕೊನೆ ನಳಿಗೆಯ ಬುಡದವರೆಗೆ ಬಾರದೆ ಕಡಿಮೆ ಬಿದ್ದರೆ ಒಳಗೆ ಮದ್ದು ಗುಂಡು ಇದೆ ಎಂದೇ ತಿಳಿದು ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಗೆ ಕೊಡಿ.

ಲಂಪ್ ಹಿಡಿದಾಗ ನಳಿಗೆಯ ತುದಿ ಒಂದಿಷ್ಟು ಕೆಳಗಿರಲಿ, ಅದರಡಿ ಹಳೆಯ ಡಬ್ಬ ಇಡಿ. ಹಿಡಿಯನ್ನು ಅಂಗೈಯಿಂದ ತಿರುಗಿಸದೆ ಬೆರಳುಗಳಿಂದ ತಿರುಗಿಸಿ. ನಳಿಗೆಯನ್ನು ಕೈಯಲ್ಲಿ ಮೆಲ್ಲಗೆ ಅಲುಗಾಡಿಸಿದಾಗ ಕದಲದಿದ್ದರೆ ಅಷ್ಟು ಬಿಗಿ ಸಾಕು. ರಾಡನ್ನು ಚೇಂಬರಿನ ಕಡೆಯಿಂದ ತೂರಿಸಿ, ಬ್ರಷ್ ಪೂರ್ತಿ ಆಚೆ ಬಂದ ಮೇಲೇ ಹಿಂದಕ್ಕೆ ಎಳೆಯಿರಿ. ನಡುವೆ ದಿಕ್ಕು ಬದಲಿಸಿದರೆ ಸಿಕ್ಕಿಕೊಳ್ಳುತ್ತದೆ. ನನಗೆ ಆಗಿದ್ದು ಅದೇ. ಸಿಕ್ಕಿಕೊಂಡರೆ ಬಿಗಿ ಹೆಚ್ಚಿಸಬೇಡಿ, ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ. ಕಾಯುವಾಗ ನಳಿಗೆ ವೈಸಿನಲ್ಲಿರುವುದು ಬೇಡ, ಬೀಗ ಹಾಕುವ ಕಪಾಟಿಗೆ ಹೋಗಲಿ.

ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬಕ್ಕೆ ಮನೆಮನೆಯಲ್ಲಿ ಕೋವಿ ಒರೆಸಿ, ತೋಕ್ ಪೂ ಎಂಬ ಹೂ ಇಟ್ಟು ಪೂಜಿಸುತ್ತಾರೆ. ಮಳೆಗಾಲದ ಕೊನೆಗೆ ಬರುವ ಆ ದಿನದ ಲೆಕ್ಕ ನಮಗೂ ಹೊಂದುತ್ತದೆ. ನಾನು ಆಗಸ್ಟ್ ಕೊನೆಯ ವಾರ ಕೋವಿಯ ಜೊತೆಗೇ ವೈಸನ್ನೂ ಬಿಚ್ಚುತ್ತೇನೆ. ಚಲಿಸುವ ದವಡೆಯನ್ನು ಪೂರ್ತಿ ಹೊರಗೆಳೆದು, ಸ್ಕ್ರೂವಿನ ಮೇಲಿನ ಲೋಹದ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಗ್ರೀಸ್ ಹಚ್ಚಿ, ಮತ್ತೆ ಸೇರಿಸಿ, ದವಡೆಗಳ ನಡುವೆ ಒಂದು ಬೆರಳು ಸಂದು ಬಿಟ್ಟು ಇಡುತ್ತೇನೆ.